ಅವ್ವನಿಗೆ ಹೇಳಿದ ನುಸಿ ಲೆಕ್ಕ

ಮೊನ್ನೆ ಉಪ್ಪಿನಕಾಯಿ ಹಾಕಲು ಹೊರಟ ನನ್ನ ಹೆಂಡತಿ ತ್ರಿಶಲಾ ಅಟ್ಟದ ಮೇಲಿನ ಖಾಲಿ ಬಾಟಲಿಗಳನ್ನೆಲ್ಲ ಇಳಿಸಿ ಸಾಲಾಗಿ ನಿಲ್ಲಿಸಿದಳು. ಆ ಸಾಲಿನಲ್ಲಿ ಒಂದು ಬಾಟಲಿ ಮಾತ್ರ ಉಳಿದವುಗಳ ಕುಲಕ್ಕೆ ಸೇರಿದ್ದಲ್ಲ. ಅದರ ಮುಚ್ಚಳದ ನಡುಭಾಗವನ್ನು ಯಾರೋ ಕತ್ತರಿಸಿ, ಅಲ್ಲಿಗೆ ಹಳೆಯ ರವೆ ಸಾಣಿಗೆಯ ತುಂಡು ಕೂರಿಸಿ, ಸುತ್ತ ತಂತಿ ಬಿಗಿದಿದ್ದರು. ಯಾರೋ ಏನು ಬಂತು, ನಾನೇ. ಬಾಟಲಿಯ ಒಳಗೆ ಒಂದು ಜಪಮಾಲೆ ಇತ್ತು.

“ಇದನ್ನ ಹಳೀ ಸಾಮಾನದವಗ ಹಾಕ್ಲೇನ್ರಿ?” ಎಂದಳು. ಕೇಳುವ ದನಿಯಲ್ಲೇ ನಗು ಇತ್ತು.

ಹಾಕಬೇಡ ಎಂದೆ. ಜೈನರ ಮನೆಯಲ್ಲಿ ಜಪಮಾಲೆ ಇರುವುದು ಸುದ್ದಿಯಲ್ಲ. ಅದು ಸಾಣಿಗೆ ಮುಚ್ಚಳದ ಬಾಟಲಿಯೊಳಗೆ ಇರುವುದು ಸುದ್ದಿ, ಮತ್ತು ಆ ಸುದ್ದಿ ನನ್ನ ಮರ್ಯಾದೆಗೆ ಅಷ್ಟೇನೂ ಒಳ್ಳೆಯದಲ್ಲ. ಆದರೂ ನಿಮಗೆ ಹೇಳುತ್ತೇನೆ. ನೀವೇನು ನಮ್ಮ ಘೋಡಗೇರಿಯವರಲ್ಲವಲ್ಲ.

ಮೊಬೈಲಿನಲ್ಲಿ ಮಾತಾಡಬೇಕೆಂದರೆ ಮಾಳಿಗೆ ಏರಬೇಕಾಗಿದ್ದ ಕಾಲ ಅದು. ನಾನು ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವರ್ಷವರ್ಷವೂ ಮಕ್ಕಳಿಗೆ ಪರಾಗಸ್ಪರ್ಶದ ಪಾಠ ಮಾಡಿ ಮಾಡಿ, ಒಂದು ವರ್ಷ ಅದನ್ನು ನಾನೇ ಮಾಡಿಸಬೇಕೆಂಬ ಹುಕಿ ಹತ್ತಿತು. ಮೂರು ದಿನದ ಜೇನು ಸಾಕಣೆ ತರಬೇತಿಗೆ ಹೋಗಿ ಒಂದು ಪ್ರಮಾಣಪತ್ರ, ಒಂದು ಮುಖಪರದೆ ಮತ್ತು ಎಡಗಿವಿಯ ಮೇಲೆ ಒಂದು ಬಾವು ಪಡೆದು ಬಂದೆ. ಮೂಡಲಗಿಯಲ್ಲಿದ್ದ ತ್ರಿಶಲಾಳ ಅಣ್ಣ ನಾಲ್ಕು ಪೆಟ್ಟಿಗೆ ಇಟಾಲಿಯನ್ ಜೇನನ್ನು ಟೆಂಪೋದಲ್ಲಿ ಹಾಕಿ ಕಳಿಸಿದ. ಪೆಟ್ಟಿಗೆಗಳು ನಮ್ಮ ಹಿತ್ತಲಿನ ನಿಂಬೆ ಗಿಡದ ಬಳಿ ಇಳಿದವು. ಆಚೆ ನಮ್ಮ ಸೂರ್ಯಕಾಂತಿ ಹೊಲ.

ಇಲ್ಲಿ ಒಂದು ಮಾತು. ನಮ್ಮಲ್ಲಿ ಜೇನುತುಪ್ಪ ತಿನ್ನುವಂತಿಲ್ಲ. ಮದ್ಯ, ಮಾಂಸ, ಮಧು ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಬಿಡಿಸುತ್ತಾರೆ. ಹೀಗಾಗಿ ಪೆಟ್ಟಿಗೆ ಬಂದ ಮರುದಿನವೇ ಬಸದಿಯ ಕಟ್ಟೆಯ ಮೇಲೆ ನನ್ನ ವಿಷಯ ಚರ್ಚೆಗೆ ಬಂತು. ಮಾಸ್ತರ ಕೆಟ್ಟ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ನಮ್ಮ ಬಾಜೂಮನೆಯ ಭರಮಣ್ಣ ಕಾಕಾ. ಅದೇ ದಿನ ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದವರೂ ಅವರೇ. ಕೈಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು.

“ಮಾಸ್ತರ್ರ, ನನಗ ತಿನ್ನಾಕ ಅಲ್ಲರಿ. ಕೆಮ್ಮಿಗೆ. ವೈದ್ಯರು ಹೇಳ್ಯಾರ.”

“ನಾನು ತುಪ್ಪ ತೆಗೆಯೂದ ಇಲ್ಲ ಕಾಕಾ. ಇವು ಪರಾಗಸ್ಪರ್ಶಕ್ಕ ಅದಾವ.”

ಕಾಕಾ ಪೆಟ್ಟಿಗೆಗಳನ್ನೂ ನನ್ನನ್ನೂ ನೋಡಿ, ಡಬ್ಬಿಯನ್ನು ಧೋತರದ ಮಡಿಕೆಯಲ್ಲಿ ಸೇರಿಸಿಕೊಂಡರು. ಅವರಿಗೆ ಆ ಗಳಿಗೆಯಲ್ಲಿ ನನ್ನ ಮೇಲೆ ಇದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು. ಆಮೇಲೆ ಕೆಮ್ಮು, ದಮ್ಮು, ಕಣ್ಣುರಿ ಎಂದು ಇನ್ನೂ ನಾಲ್ಕಾರು ಸದ್ಗೃಹಸ್ಥರು ಹಿತ್ತಲ ಬಾಗಿಲಿನಿಂದಲೇ ಬಂದು ಹೋದರು. ನಮ್ಮ ಊರಿನ ಧರ್ಮನಿಷ್ಠರ ಆರೋಗ್ಯ ಅಷ್ಟು ಕೆಟ್ಟಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆದರೆ ನನಗೆ ಹೆದರಿಕೆ ಇದ್ದದ್ದು ಕಟ್ಟೆಯದಲ್ಲ, ಅವ್ವನದು. ನೀರು ಸೋಸಿ ಕುಡಿಯುವವಳು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವಳು, ಜೋಳ ಹಸನು ಮಾಡುವಾಗ ಸಿಕ್ಕ ಹುಳುಗಳನ್ನು ಒಂದು ಮಡಕೆಯಲ್ಲಿ ಹಾಕಿ, ಮೇಲೆ ಒಂದು ಹಿಡಿ ಜೋಳವನ್ನೂ ಹಾಕಿ ನೆರಳಲ್ಲಿ ಇಡುವವಳು. ಅವಳು ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿ ಎರಡು ಕರಾರು ಹೇಳಿದಳು.

“ಅವು ಕೂಡಿಸಿಟ್ಟಿದ್ದು ನೀ ಕಸಗೊಳ್ಳಂಗಿಲ್ಲ. ಇನ್ನೊಂದು, ಈ ಪೆಟಗಿ ಸಲವಾಗಿ ಒಂದು ಜೀವಾನೂ ಹೋಗಬಾರದು. ಹೋತು ಅಂದ್ರ ಪೆಟಗಿ ಮೂಡಲಗಿಗೆ ತಿರುಗಿ ಹೋಗತಾವು.”

ಎರಡಕ್ಕೂ ಹೂಂ ಎಂದೆ. ಮೊದಲನೆಯದು ಸುಲಭವಿತ್ತು. ಎರಡನೆಯದರ ಮೇಲೆ ನಾಲ್ಕೂ ಪೆಟ್ಟಿಗೆಗಳು ನಿಂತಿವೆ ಎಂದು ನನಗೆ ತಿಳಿದದ್ದು ಎರಡು ತಿಂಗಳ ನಂತರ.

ಆಗ ನುಸಿಯ ಸುದ್ದಿ ಹಬ್ಬಿತು. ವರೋವಾ ಎಂಬ ನುಸಿ ಜೇನುಹುಳದ ಮೈಗೆ ಅಂಟಿಕೊಂಡು, ಮರಿಗಳ ಕೋಣೆಯಲ್ಲೇ ತನ್ನ ಸಂಸಾರ ಹೂಡಿ, ಪೆಟ್ಟಿಗೆಗೆ ಪೆಟ್ಟಿಗೆಯನ್ನೇ ಮುಗಿಸುತ್ತದಂತೆ. ಅದು ಇದೆಯೋ ಇಲ್ಲವೋ ನೋಡಲು ತರಬೇತಿಯಲ್ಲಿ ಎರಡು ಪರೀಕ್ಷೆ ಹೇಳಿಕೊಟ್ಟಿದ್ದರು. ಒಂದು, ಅರ್ಧ ಗ್ಲಾಸಿನಷ್ಟು ಜೇನುಹುಳಗಳನ್ನು ಸ್ಪಿರಿಟಿನಲ್ಲಿ ಅದ್ದಿ ಕುಲುಕುವುದು. ಹುಳಗಳೂ ಸಾಯುತ್ತವೆ, ನುಸಿಯೂ ಸಾಯುತ್ತದೆ, ಲೆಕ್ಕ ಪಕ್ಕಾ ಸಿಗುತ್ತದೆ. ಮುನ್ನೂರು ಜೀವ, ಅದೂ ಸ್ಪಿರಿಟಿನಲ್ಲಿ! ಅವ್ವನ ಮುಂದೆ ಅದರ ಹೆಸರೆತ್ತುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಸಕ್ಕರೆಯ ಪರೀಕ್ಷೆ. ಹುಳಗಳನ್ನು ಬಾಟಲಿಗೆ ಹಾಕಿ, ಮೇಲೆ ಎರಡು ಚಮಚ ಹಿಟ್ಟುಸಕ್ಕರೆ ಉದುರಿಸಿ, ಮೆಲ್ಲಗೆ ಹೊರಳಿಸುವುದು. ಸಕ್ಕರೆಗೆ ನುಸಿಯ ಕಾಲು ಜಾರುತ್ತದೆ. ಬಾಟಲಿ ಬೋರಲು ಹಾಕಿ ಕುಲುಕಿದರೆ ಸಾಣಿಗೆಯಿಂದ ಸಕ್ಕರೆಯೂ ನುಸಿಯೂ ಬಿಳಿ ತಟ್ಟೆಗೆ ಬೀಳುತ್ತವೆ. ಹುಳಗಳು ಬೆಳ್ಳಗಾಗಿ ಮನೆಗೆ ಹೋಗುತ್ತವೆ, ಮನೆಯವರು ನೆಕ್ಕಿ ಚೊಕ್ಕ ಮಾಡುತ್ತಾರೆ. ನಮ್ಮ ಧರ್ಮಕ್ಕೆಂದೇ ಯಾರೋ ಕಂಡುಹಿಡಿದಂತಿತ್ತು.

ಮೊದಲ ಭಾನುವಾರ ಮುಖಪರದೆ ಹಾಕಿ, ನೋಟುಬುಕ್ಕಿನಲ್ಲಿ ಕೆಂಪು ಮಸಿಯಿಂದ ಗೆರೆ ಎಳೆದು, ರಾಣಿಹುಳ ಇಲ್ಲದ ಹಲಗೆ ಹುಡುಕಿ, ಅರ್ಧ ಗ್ಲಾಸು ಹುಳ ಬಾಟಲಿಗೆ ತುಂಬಿದೆ. ಒಳಗಿನಿಂದ ಹಿಟ್ಟುಸಕ್ಕರೆ ತರಿಸಿ ಉದುರಿಸಿದೆ. ಹೊರಳಿಸಿದೆ, ಕುಲುಕಿದೆ. ತಟ್ಟೆಯ ತುಂಬ ಕಂದುಬಣ್ಣದ ಚುಕ್ಕಿಗಳು. ಕಡ್ಡಿಯಿಂದ ಒಂದೊಂದನ್ನೇ ಸರಿಸಿ ಎಣಿಸಿದೆ.

“ನಲವತ್ಮೂರು!” ಎಂದು ಕೂಗಿದೆ.

ಅವ್ವ ಹೊರಗೆ ಬಂದು, “ಎಷ್ಟು ಬಿದ್ದುವು?” ಎಂದಳು. ನಲವತ್ಮೂರು ಎಂದು ಮತ್ತೊಮ್ಮೆ ಹೇಳಿದೆ. ಅವಳು ಒಳಗೆ ಹೋದಳು. ನಾನು ತಟ್ಟೆಯಲ್ಲಿದ್ದದ್ದನ್ನು ಗೋಕಾಕದ ಕರದಂಟಿನ ಖಾಲಿ ಡಬ್ಬಿಗೆ ಸುರಿದುಕೊಂಡು, ಮರುದಿನ ರಜೆ ಹಾಕಿ, ಅರಭಾವಿಯ ಬಸ್ಸು ಹತ್ತಿದೆ. ಅಲ್ಲಿ ಜೇನಿನ ವಿಷಯ ಬಲ್ಲ ಸಾಹೇಬರೊಬ್ಬರಿದ್ದರು. ಅವರು ಮಸೂರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದನ್ನು ಬೆರಳಿನಿಂದ ತೆಗೆದು ಮೂಸಿದರು.

“ಮಾಸ್ತರ್ರ, ಇದು ಯಾಲಕ್ಕಿ ಐತ್ರಿ.”

ಶೇಂಗಾ ಉಂಡೆಗೆಂದು ತ್ರಿಶಲಾ ಯಾಲಕ್ಕಿ ಹಾಕಿ ಕುಟ್ಟಿಟ್ಟ ಸಕ್ಕರೆ ಅದು. ಸಾಹೇಬರು ನಗಲಿಲ್ಲ, ಅದು ಅವರ ದೊಡ್ಡಗುಣ. ನಿಜವಾದ ನುಸಿ ಸಾಸಿವೆಯ ಸಿಪ್ಪೆಯ ಹಾಗೆ ಚಪ್ಪಟೆಯಾಗಿರುತ್ತದೆ, ಅದಕ್ಕೆ ಕಾಲುಗಳಿರುತ್ತವೆ, ನಡೆಯುತ್ತದೆ ಎಂದು ತಿಳಿಸಿ ಹೇಳಿದರು. ಯಾಲಕ್ಕಿ ನಡೆಯುವುದಿಲ್ಲ ಎಂಬುದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ತ್ರಿಶಲಾಳಿಗೆ ಮಾತ್ರ ಈ ವಿಷಯ ಹೇಳಿದೆ. ಅವಳು ಎರಡು ದಿನ ನಕ್ಕಳು. ಅವ್ವನಿಗೆ ಹೇಳಲು ನಾಚಿಕೆಯಾಗಿ ಸುಮ್ಮನಾದೆ.

ಮುಂದಿನ ಭಾನುವಾರ ಶುದ್ಧ ಸಕ್ಕರೆಯಿಂದ ಪರೀಕ್ಷೆ. ಈ ಸಲ ಬಿದ್ದವು ನಡೆಯುತ್ತಿದ್ದವು. ಮೊದಲ ಪೆಟ್ಟಿಗೆಯಲ್ಲಿ ಹದಿನಾಲ್ಕು, ಎರಡನೆಯದರಲ್ಲಿ ಆರು, ಮೂರನೆಯದರಲ್ಲಿ ಐದು. ನಾಲ್ಕನೆಯದರಲ್ಲಿ ಒಂದೂ ಇಲ್ಲ. ಆ ನಾಲ್ಕನೆಯ ಪೆಟ್ಟಿಗೆಯ ಮೇಲೆ ನನಗೆ ಹುಟ್ಟಿದ ಅಭಿಮಾನವನ್ನು ಏನು ಹೇಳಲಿ! ಅದು ನನ್ನದೇ ಸಾಧನೆ ಎಂಬಂತೆ ಅದರ ಪಕ್ಕ ನಿಂತುಕೊಂಡೆ.

“ಎಷ್ಟು ಬಿದ್ದುವು?” ಎಂದಳು ಅವ್ವ.

ಒಟ್ಟು ಇಪ್ಪತ್ತೈದು ಬಿದ್ದಿದ್ದವು. ಪೆಟ್ಟಿಗೆಗಳು ಮೂಡಲಗಿಗೆ ಹೋಗುವ ದೃಶ್ಯ ಕಣ್ಣಮುಂದೆ ಬಂತು. “ಎಂಟು” ಎಂದೆ. ಅವ್ವನ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ತಟ್ಟೆಯಲ್ಲಿ ಏನೋ ಇದೆ ಎಂದು ಕಾಣುತ್ತಿತ್ತು, ಎಷ್ಟು ಎಂದು ಕಾಣುತ್ತಿರಲಿಲ್ಲ.

“ಇವನ್ನೇನು ಮಾಡ್ತಿ?”

ಅದನ್ನು ನಾನು ಯೋಚಿಸಿರಲಿಲ್ಲ. ಯೋಚಿಸಿದವಳು ಅವಳೇ. ತಟ್ಟೆ ನನ್ನ ಕೈಯಿಂದ ಇಸಿದುಕೊಂಡಳು. ನಾನು ಕೈ ತೊಳೆಯಲು ಹೋದೆ.

ಇಲ್ಲಿ ನನ್ನ ತಲೆಯ ಹೇನಿನ ಕಥೆ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಸಣ್ಣವನಿದ್ದಾಗ ಸಾಲೆಯಲ್ಲಿ ಎಲ್ಲರ ತಲೆಯಲ್ಲೂ ಹೇನು. ಉಳಿದ ತಾಯಂದಿರು ಹೇನು ಹಿಡಿದು ಎರಡು ಹೆಬ್ಬೆರಳ ಉಗುರಿನ ನಡುವೆ ಚಟ್ಟೆನಿಸುತ್ತಿದ್ದರು. ನನ್ನ ಅವ್ವ ಪ್ರತಿ ಭಾನುವಾರ ನನ್ನನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಸೀರಣಿಗೆಯಿಂದ ಬಾಚಿ, ಬಿದ್ದ ಹೇನುಗಳನ್ನು ಉದುರಿದ ಕೂದಲ ಸಮೇತ ಒಂದು ತೆಂಗಿನ ಚಿಪ್ಪಿಗೆ ಹಾಕಿ, ಹಿತ್ತಲ ಗೋಡೆಯ ಮಾಡದಲ್ಲಿ ನೆರಳಿಗೆ ಇಡುತ್ತಿದ್ದಳು. ಸೀರಣಿಗೆಯನ್ನೂ ಅದೇ ಮಾಡದಲ್ಲಿ, ಅದೇ ಚಿಪ್ಪಿಗೆ ಆನಿಸಿ ಇಡುತ್ತಿದ್ದಳು. ಮುಂದಿನ ಭಾನುವಾರ ಅದೇ ಸೀರಣಿಗೆ ನನ್ನ ತಲೆಗೆ ಬರುತ್ತಿತ್ತು. ಎಂಟು ವರ್ಷ ನನ್ನ ತಲೆಯಿಂದ ಹೇನು ಹೋಗಲಿಲ್ಲ. ಇಂಥ ಹಟಮಾರಿ ಹೇನು ಯಾರ ಮಕ್ಕಳಿಗೂ ಬಿದ್ದಿಲ್ಲ ಎಂದು ಅವ್ವ ಊರಿಗೆಲ್ಲ ಹೇಳುತ್ತಿದ್ದಳು. ಬಾಚುವ ಮುಂಚೆ “ಎಷ್ಟು ಅದಾವು ಅನಸ್ತೈತಿ?” ಎಂದು ನನ್ನನ್ನೇ ಕೇಳುತ್ತಿದ್ದಳು. ಗೋಲಿ ಆಡಲು ಓಡುವ ಅವಸರದಲ್ಲಿ ನಾನು, “ಎರಡ ಅದಾವ ಅವ್ವಾ” ಎನ್ನುತ್ತಿದ್ದೆ. ಆರು ಸಿಗುತ್ತಿದ್ದವು.

ಈಗ ನುಸಿಗೆ ಬನ್ನಿ. ಮುಂದಿನ ಭಾನುವಾರ ಪರೀಕ್ಷೆ ಮಾಡಿದರೆ ನನ್ನ ಅಭಿಮಾನದ ನಾಲ್ಕನೆಯ ಪೆಟ್ಟಿಗೆಯಲ್ಲೇ ಒಂಬತ್ತು ನುಸಿ. ನಾನು ನೋಟುಬುಕ್ಕು ತೆಗೆದು ಗಾಳಿಯ ದಿಕ್ಕು, ಸೂರ್ಯಕಾಂತಿಯ ಹೂವು, ಪರವೂರಿನ ಜೇನು ಎಂದು ಎರಡು ಪುಟ ಕಾರಣ ಬರೆದೆ. ಬರೆಯುತ್ತಿದ್ದಾಗ ತ್ರಿಶಲಾ ಬಂದು ನಿಂಬೆ ಗಿಡದ ಬುಡ ತೋರಿಸಿದಳು.

“ಅತ್ತಿಯವ್ರು ಹೋದ ವಾರ ಆ ತಾಟು ಎಲ್ಲಿಟ್ಟಿದ್ರು ಗೊತ್ತೈತೇನ್ರಿ?”

ನಾಲ್ಕನೆಯ ಪೆಟ್ಟಿಗೆಯ ಬಾಗಿಲಿಗೆ ಒಂದು ಮೊಳ ದೂರದಲ್ಲಿ. ಅಲ್ಲಿ ನೆರಳು ಚೆನ್ನಾಗಿತ್ತು. ಪಾಪ, ಹಸಿದಾವು ಎಂದು ಅವ್ವ ಸಕ್ಕರೆಯನ್ನೂ ತಟ್ಟೆಯಲ್ಲೇ ಬಿಟ್ಟಿದ್ದಳು, ಮೇಲೆ ಇನ್ನೊಂದು ಚಮಚ ಹಾಕಿಯೂ ಇದ್ದಳು. ಸಕ್ಕರೆ ಕಂಡ ನಾಲ್ಕನೆಯ ಪೆಟ್ಟಿಗೆಯ ಹುಳಗಳು ತಟ್ಟೆಗೆ ಮುಗಿಬಿದ್ದವು. ನುಸಿಗಳು ಬೆನ್ನು ಸಿಕ್ಕಿದ್ದೇ ಹತ್ತಿ ಕುಳಿತವು. ನೆರಳು, ಊಟ, ಹೋಗಲು ವಾಹನ, ಮೂರೂ ನಮ್ಮ ಮನೆಯಿಂದಲೇ. ಬೇರೆ ಕಾರಣವೂ ಇರಬಹುದು ಎಂದು ಅರಭಾವಿಯ ಸಾಹೇಬರು ಆಮೇಲೆ ಸಮಾಧಾನ ಹೇಳಿದರು. ನಾನು ತಟ್ಟೆಯ ಸಂಗತಿಯನ್ನೇ ನಂಬುತ್ತೇನೆ. ಎಂಟು ವರ್ಷದ ಅನುಭವ ನನ್ನ ತಲೆಗಿದೆ.

ಸಾಹೇಬರು ಒಂದು ಘಾಟಿನ ಔಷಧ ಕೊಟ್ಟರು. ಅದನ್ನು ಪೆಟ್ಟಿಗೆಯೊಳಗೆ ಇಟ್ಟರೆ ಅದರ ಆವಿಗೆ ನುಸಿ ಸಾಯುತ್ತದೆ, ಜೇನು ಉಳಿಯುತ್ತದೆ. ಅವ್ವನಿಗೆ ಹೇಳಿದೆ. “ನುಸಿ ಜೀವ ಅಲ್ಲೇನು?” ಎಂದಳು. ಔಷಧ ಕಪಾಟು ಸೇರಿತು. ವಾರವಾರವೂ ಸಕ್ಕರೆ ಉದುರಿಸಿ, ಬಿದ್ದ ನುಸಿಗಳನ್ನು ದೂರ ಒಯ್ದು ಬಿಡಬೇಕೆಂದು ತೀರ್ಮಾನವಾಯಿತು. “ಧುಪದಾಳಕ್ಕ ಒಯ್ದು ಬಿಡು. ನೀರು ಐತಿ, ಗಿಡ ಅದಾವು” ಎಂದಳು ಅವ್ವ. ಜೇನಿನ ಮೈ ಸಿಗದಿದ್ದರೆ ನುಸಿ ನಾಲ್ಕು ದಿನವೂ ಬದುಕುವುದಿಲ್ಲ ಎಂದು ವಿಜ್ಞಾನದ ಮಾಸ್ತರನಿಗೆ ಗೊತ್ತಿತ್ತು. ವಿಜ್ಞಾನದ ಮಾಸ್ತರ ಬಾಯಿ ಮುಚ್ಚಿಕೊಂಡು ಕರದಂಟಿನ ಡಬ್ಬಿ ಹಿಡಿದು ಬಸ್ಸು ಹತ್ತಿದ.

ಒಂದು ಭಾನುವಾರ ಆ ಬಸ್ಸಿನಲ್ಲಿ ಭರಮಣ್ಣ ಕಾಕಾ ನನ್ನ ಪಕ್ಕವೇ ಕುಳಿತರು. ಅವರ ಕಣ್ಣು ನನ್ನ ತೊಡೆಯ ಮೇಲಿನ ಡಬ್ಬಿಯ ಮೇಲಿತ್ತು.

“ಎಲ್ಲಿಗೆ ಒಯ್ಯಾಕತ್ತೀರಿ ಮಾಸ್ತರ್ರ, ಕರದಂಟ?”

“ಕರದಂಟ ಅಲ್ಲ ಕಾಕಾ. ಒಳಗ ಬರೇ ನುಸಿ ಅದಾವು.”

“ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ. ಇಂಥಾದ್ಯಾಕ ಹೇಳ್ತೀರಿ?” ಎಂದು ಕಾಕಾ ಧುಪದಾಳ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ನಾನು ಇಳಿದು, ಒಡ್ಡಿನ ಬಳಿಯ ಜಾಲಿಗಿಡಕ್ಕೆ ಡಬ್ಬಿ ಬೋರಲು ಹಾಕಿ, ಅತ್ತ ಇತ್ತ ನೋಡಿ, ತಿರುಗಿ ಬಸ್ಸು ಹತ್ತಿದೆ. ಇಡೀ ಬೇಸಿಗೆ ನನ್ನ ಭಾನುವಾರಗಳು ಹೀಗೆ ಕಳೆದವು.

ಮನೆಗೆ ಬಂದಾಗಲೆಲ್ಲ ಅವ್ವನ ಪ್ರಶ್ನೆ ಒಂದೇ, “ಎಷ್ಟು ಇದ್ದುವು?” ನಾನು ನೋಟುಬುಕ್ಕಿನಲ್ಲಿ ಮೂವತ್ತು ಬರೆದು ಬಾಯಲ್ಲಿ ಹತ್ತು ಎನ್ನುತ್ತಿದ್ದೆ. ಅವ್ವನಿಗೂ ವಿಜ್ಞಾನದ ಗಾಳಿ ಬೀಸಿತು, ಅಂಕಿಅಂಶದ ರುಚಿ ಹತ್ತಿತು ಎಂದು ನನಗೆ ಒಳಗೊಳಗೇ ಹೆಮ್ಮೆ. ಸ್ಟಾಫ್ ರೂಮಿನಲ್ಲಿ ಈ ವಿಷಯ ಹೇಳಿ ಮೆಚ್ಚುಗೆಯನ್ನೂ ಪಡೆದೆ.

ಆದರೆ ನುಸಿ ಕಡಿಮೆಯಾಗಲಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಮೊದಲ ಪೆಟ್ಟಿಗೆಯ ಮುಂದೆ ರೆಕ್ಕೆ ಮುದುಡಿದ ಹುಳಗಳು ನೆಲದ ಮೇಲೆ ತೆವಳತೊಡಗಿದವು. ಹುಟ್ಟುತ್ತಲೇ ರೆಕ್ಕೆ ಸುಟ್ಟ ಹಾಗೆ ಸುರುಟಿಕೊಂಡಿದ್ದವು. ಅಷ್ಟು ದೊಡ್ಡದು ಅವ್ವನ ಕಣ್ಣಿಗೂ ಕಾಣುತ್ತಿತ್ತು. ಅವಳು ಒಂದೊಂದನ್ನೇ ಎಲೆಯ ಮೇಲೆ ಹತ್ತಿಸಿಕೊಂಡು ದಾಸವಾಳದ ಹೂವಿನಲ್ಲಿ ಬಿಡುತ್ತಿದ್ದಳು. ಅದು ಹಾರಲು ಹೋಗಿ ಕೆಳಗೆ ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದಳು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಬೆಳಿಗ್ಗೆ, ನಾನು ಸಾಲೆಗೆ ಹೊರಟಾಗ, ಬಾಗಿಲಲ್ಲಿ ಅಡ್ಡ ನಿಂತಳು.

“ಆ ಔಷಧ ಹಾಕು.”

“ಅವ್ವಾ, ನುಸಿ ಸಾಯತಾವು.”

“ಗೊತ್ತೈತಿ. ಇವು ದಿನಾ ಸಾಯೂದು ನೋಡಾಕ ಆಗವಲ್ದು. ಹಾಕು. ಕೆಳಗ ಒಂದು ಹಾಳಿ ಹಾಸು. ಎಷ್ಟು ಬೀಳತಾವು, ಎಣಿಸಿ ಹೇಳು.”

ಜೋಳದ ಹುಳಕ್ಕೂ ಜೋಳ ಹಾಕುವವಳ ಬಾಯಿಂದ ಆ ಮಾತು ಬರಲು ಎಷ್ಟು ಕಷ್ಟವಾಗಿರಬೇಕೆಂದು ಆಗ ಹೊಳೆಯಿತು. ಶನಿವಾರ ಸಂಜೆ ಪೆಟ್ಟಿಗೆಗಳ ತಳಕ್ಕೆ ಎಣ್ಣೆ ಸವರಿದ ಹಾಳೆ ಹಾಸಿ ಔಷಧ ಇಟ್ಟೆ. ಭಾನುವಾರ ಬೆಳಿಗ್ಗೆ ಹಾಳೆ ಎಳೆದು ಎಣಿಸಿದೆ. ನೂರಾ ನಲವತ್ಮೂರು. ಅವ್ವ ಎದುರಿಗೇ ನಿಂತಿದ್ದಳು.

“ನಲವತ್ತು” ಎಂದೆ. ಬಾಯಿಗೆ ಅದೇ ರೂಢಿಯಾಗಿತ್ತು.

ಆ ಮಧ್ಯಾಹ್ನ ಅವ್ವ ಊಟಕ್ಕೆ ಬರಲಿಲ್ಲ. ಮೂರಾಯಿತು, ನಾಲ್ಕಾಯಿತು. ಉಪವಾಸವೇನೋ ಎಂದು ತ್ರಿಶಲಾಳನ್ನು ಕೇಳಿದೆ.

“ಜಪಕ್ಕ ಕುಂತಾರ. ಮುಗಿಯೂತನಕ ಉಣ್ಣೂದಿಲ್ಲ. ಒಂದೊಂದು ನುಸಿಗೆ ಒಂಬತ್ತೊಂಬತ್ತು ಸಲ ಣಮೋಕಾರ ಮಂತ್ರ ಹೇಳ್ತಾರ. ಮೊದಲನೇ ಐತವಾರದಿಂದನೂ ನಡದೈತಿ. ನಿಮಗ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ನಾನು ಅದನ್ನು ಅಂಕಿಅಂಶದ ರುಚಿ ಎಂದುಕೊಂಡಿದ್ದೆ. ಅವಳು ವಾರವಾರವೂ ಎಷ್ಟು ಎಂದು ಕೇಳಿದ್ದು ಇದಕ್ಕೆ. ನಾನು ಕೊಟ್ಟದ್ದು ಸುಳ್ಳು ಲೆಕ್ಕ. ಜೊತೆಗೆ ಇನ್ನೊಂದು ಹೊಳೆಯಿತು. ಮೊದಲ ಭಾನುವಾರದ ನಲವತ್ಮೂರಕ್ಕೂ ಅವಳು ಜಪ ಮಾಡಿದ್ದಾಳೆ, ಅಂದರೆ ಯಾಲಕ್ಕಿಗೆ.

ಆದರೂ ನಲವತ್ತು ಮುಗಿಯಲು ಇಷ್ಟು ಹೊತ್ತೇಕೆ? ಹೊತ್ತು ಮುಳುಗಿದರೆ ಅವ್ವ ನಾಳೆಯವರೆಗೆ ಉಣ್ಣುವುದಿಲ್ಲ. ಬೆಳಿಗ್ಗೆಯಿಂದ ಬರೀ ನೀರಿನ ಮೇಲಿದ್ದಾಳೆ. ದೇವರ ಕೋಣೆಗೆ ಹೋಗಿ ಬಾಗಿಲ ಬಳಿ ನಿಂತೆ. ಅವ್ವ ಆಗಷ್ಟೇ ಮಾಲೆ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಸುಮ್ಮನಿದ್ದರೆ ಅವಳು ಎದ್ದು ಉಣ್ಣುತ್ತಿದ್ದಳು. ಸುಮ್ಮನಿರಲು ಆಗಲಿಲ್ಲ.

“ಅವ್ವಾ, ಅವು ನಲವತ್ತು ಇರಲಿಲ್ಲ.”

“ಗೊತ್ತೈತಿ. ನೂರಾ ಇಪ್ಪತ್ತಕ್ಕ ಮಾಡೇನಿ. ಹತ್ತು ಮಾಲಿ ಆತು.”

“ನಿನಗ ಹೆಂಗ ಗೊತ್ತು?”

“ತಲ್ಯಾಗ ಆರು ಹೇನು ಇದ್ರ ಎರಡ ಅಂತ ಹೇಳಾಂವ ನೀ. ಹಿಂದಿನ ವಾರದವನ್ನೂ ನೀ ಹೇಳಿದ್ದರ ಮೂರು ಪಟ್ಟ ಹಿಡದ ಮಾಡೇನಿ.”

ನಾನು ನೋಟುಬುಕ್ಕು ಬಿಚ್ಚಿದೆ. ಕೆಂಪು ಮಸಿಯ ಅಂಕಿ ನೋಡಿ ನೆಲ ನೋಡಿದೆ. “ನೂರಾ ನಲವತ್ಮೂರು ಅವ್ವಾ. ಇನ್ನೂ ಇಪ್ಪತ್ಮೂರು ಉಳದಾವು.”

ಅವ್ವ ಸಿಟ್ಟಾಗಲಿಲ್ಲ. ಮಾಲೆಯನ್ನು ನನ್ನ ಕಡೆ ಚಾಚಿದಳು. “ಅವು ನಿನ್ನವು. ಕುಂದ್ರು. ಲಗೂನ ಮಾಡು, ನನಗ ಹಸಿವಾಗೇತಿ.”

ಇಪ್ಪತ್ಮೂರು ಒಂಬತ್ತಲೆ ಇನ್ನೂರ ಏಳು. ಹುಡುಗನಾಗಿದ್ದಾಗಿನಿಂದ ಜಪವೆಂದರೆ ತಪ್ಪಿಸಿಕೊಂಡೇ ಬಂದವನು ನಾನು. ಬುದ್ಧಿ ಒಂದು ದಾರಿ ಹುಡುಕಿತು. ಯಾಲಕ್ಕಿಯ ಕಥೆಯನ್ನು ಅಲ್ಲೇ ಒಪ್ಪಿಸಿ, ಆ ನಲವತ್ಮೂರು ಹೆಚ್ಚಿಗೆ ಆಗಿವೆಯಲ್ಲ, ಈ ಇಪ್ಪತ್ಮೂರನ್ನು ಅದರಲ್ಲೇ ಹಿಡಿದುಕೊಳ್ಳಬಹುದಲ್ಲ ಎಂದೆ. ಅಡುಗೆಮನೆಯಲ್ಲಿ ತ್ರಿಶಲಾ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಾಣಿಸಿತು. ಅವ್ವ ನಗಲಿಲ್ಲ.

“ಬೀಜದಾಗ ಜೀವ ಇರೂದಿಲ್ಲೇನು, ವಿಜ್ಞಾನ ಮಾಸ್ತರ? ಕುಂದ್ರು.”

ಕುಳಿತೆ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಏರುತ್ತಿತ್ತು. ತ್ರಿಶಲಾ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮೊದಲ ಇಪ್ಪತ್ತು ಮೂವತ್ತು ಸಲ ಗಡಿಯಾರ ನೋಡುತ್ತ ಹೇಳಿದೆ. ಆಮೇಲೆ ರೆಕ್ಕೆ ಮುದುಡಿದ ಹುಳಗಳೂ, ಹಾಳೆಗೆ ಅಂಟಿಕೊಂಡು ಕಾಲಾಡಿಸುತ್ತಿದ್ದ ನುಸಿಗಳೂ ಕಣ್ಣಮುಂದೆ ಬಂದವು. ಗಡಿಯಾರ ಮರೆತುಹೋಯಿತು. ಆ ವರ್ಷ ಮೊದಲನೆಯ ಪೆಟ್ಟಿಗೆ ಉಳಿಯಲಿಲ್ಲ, ಉಳಿದ ಮೂರು ಉಳಿದವು. ಮೂಡಲಗಿಗೆ ಯಾವುದೂ ತಿರುಗಿ ಹೋಗಲಿಲ್ಲ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿರುವಾಗ ಮುಗಿಸಿ ಎದ್ದೆ. ಅವ್ವ ತಟ್ಟೆಯ ಮುಂದೆ ಕುಳಿತಿದ್ದಳು, ರೊಟ್ಟಿ ಮುರಿದಿರಲಿಲ್ಲ. ಮಾಲೆ ತಿರುಗಿ ಕೊಡಲು ಹೋದೆ.

“ಇರಲಿ. ನಿನ್ನ ಆ ಬಾಟಲ್ಯಾಗ ಇಟ್ಟಕೋ, ಮತ್ತ ಬೇಕಾಗತೈತಿ” ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು, “ಎಷ್ಟು ಮಾಡಿದಿ?”

“ಇನ್ನೂರಾ ಏಳು” ಎಂದೆ.

ಅವ್ವ ಒಂದು ಗಳಿಗೆ ತಡೆದಳು. ಮೂರರಿಂದ ಭಾಗಿಸುತ್ತಿದ್ದಳೋ ಏನೋ. ಆಮೇಲೆ ರೊಟ್ಟಿ ಮುರಿದಳು. ನೂರೆಂಟು ಮಣಿಯ ಮಾಲೆಯನ್ನು ಅರ್ಧಕ್ಕೆ ಬಿಡಲು ಮನಸ್ಸಾಗದೆ ನಾನು ಎರಡು ಸುತ್ತು ಪೂರಾ ಮಾಡಿದ್ದೆ. ಅಂದರೆ ಇನ್ನೂರ ಹದಿನಾರು. ಆ ಸಲವೂ ನಾನು ಅವ್ವನಿಗೆ ಕಡಿಮೆ ಲೆಕ್ಕವನ್ನೇ ಹೇಳಿದ್ದೆ.